ಒಂಬತ್ತನೆಯ ಕಲಂ

ದಾಖಲಾತಿ ಪುಸ್ತಕದ ಹೊಸ ಹಾಳೆಗೆ
ಸ್ಕೇಲಿಟ್ಟು ನಾನೇ ಗೆರೆ ಎಳೆದದ್ದು.
ಹೆಸರು, ತಂದೆ, ತಾಯಿ, ಜಾತಿ, ಹುಟ್ಟಿದ ತಾರೀಕು...
ಒಂಬತ್ತನೆಯದು ಈ ವರ್ಷದ ಸೇರ್ಪಡೆ.
ಸುತ್ತೋಲೆ ಹೇಳಿದ್ದು ಒಂದೇ ಸಾಲು:
ಲಸಿಕೆಯ ಲೆಕ್ಕ ತೋರಿಸದ ಮಗುವಿಗೆ
ಒಂದನೇ ತರಗತಿ ಇಲ್ಲ.

ಓದಿದ ಕೂಡಲೆ ಒಪ್ಪಿದ್ದೆ.
ಯಾಕೆಂದರೆ ಬಸವಪ್ರಭು.
ಕಿಟಕಿ ಪಕ್ಕದ ಎರಡನೇ ಬೆಂಚು, ಮಗ್ಗಿಯಲ್ಲಿ ಚುರುಕು.
ಅಪ್ಪ ವಿಮೆಯ ಏಜೆಂಟು; ಬಡಾವಣೆಯ ಅರ್ಧ ಜನದ
ಜೀವಕ್ಕೆ ಪಾಲಿಸಿ ಮಾಡಿಸಿದವರು
ಮಗನ ತೋಳಿಗೆ ಸೂಜಿ ಬೇಡ ಅಂದರು.
ಓದಿಕೊಂಡವರು. ನನಗಿಂತ ಚೆನ್ನಾಗಿ ವಾದಿಸುತ್ತಿದ್ದರು.
ಮಂಗಳವಾರ ಗಂಟಲು ನೋವು,
ಶುಕ್ರವಾರ ಚಿಗಟೇರಿ ಆಸ್ಪತ್ರೆ.
ಗಂಟಲುಮಾರಿ ಎಂಬ ಮಾತನ್ನು
ಅಜ್ಜಿಯ ಬೈಗುಳದಲ್ಲಿ ಮಾತ್ರ ಕೇಳಿದ್ದೆ;
ಅವತ್ತು ಡಾಕ್ಟರ ಬಾಯಲ್ಲಿ ಕೇಳಿದೆ.
ಸೋಮವಾರ ಹಾಜರಿ ಕರೆಯುತ್ತ
ಬಾಯಿ ತಪ್ಪಿ ಅವನ ಹೆಸರೂ ಕೂಗಿದೆ.
ಯಾವ ಮಗುವೂ ನಗಲಿಲ್ಲ.

ಹಾಗಾಗಿ ಗೆರೆ ಎಳೆಯುವಾಗ ಕೈ ನಡುಗಲಿಲ್ಲ.
ಈಗ ನಡುಗುತ್ತಿದೆ.

ಮೇಜಿನಾಚೆ ಗುತ್ಯವ್ವ ನಿಂತಿದ್ದಾಳೆ,
ಮಂಡಕ್ಕಿ ಭಟ್ಟಿಯಿಂದ ನೇರ ಬಂದವಳು,
ಹುಬ್ಬಿನ ಮೇಲೆ ಹೊಟ್ಟಿನ ಬೂದಿ,
ಸೆರಗಿನ ಹಿಂದೆ ಆರು ವರ್ಷದ ಹುಡುಗಿ.
ಹೆಸರು ಲಿಖಿತಾ.
ಎಲ್ಲಿಯೂ ಏನೂ ಬರೆದಿಲ್ಲ.
ತಾಯಿ ಕಾರ್ಡು ಬಾಡಿಗೆ ಮನೆ ಬದಲಿಸುವಾಗ ಹೋಯಿತು,
ಅಥವಾ ಒಲೆಗೆ, ಅಥವಾ ಇರಲೇ ಇಲ್ಲ;
ಮೂರೂ ಉತ್ತರ ಐದೇ ನಿಮಿಷದಲ್ಲಿ ಬಂದವು.

“ಬ್ಯಾಡ ಅಂದಿಲ್ರಿ ಅಕ್ಕೋರ.
ಒಂದೂವರೆ ತಿಂಗಳಿಗೆ ಹಾಕ್ಸಿದ್ದೆ.
ಅವತ್ತು ರಾತ್ರಿ ಮೈ ಕೆಂಡ ಆತು.
ಎರಡು ದಿನ ಭಟ್ಟಿಗೆ ಹೋಗ್ಲಿಲ್ಲ.
ಮೂರನೇ ದಿನ ನನ್ನ ಬಾಣಲಿ ಮುಂದ
ಬ್ಯಾರೆಯಾಕಿ ನಿಂತಿದ್ಲು.”

ನನ್ನ ಬಳಿ ಎಲ್ಲದಕ್ಕೂ ಉತ್ತರವಿತ್ತು,
ದೇವರಿಗೆ, ದೃಷ್ಟಿಗೆ, ಮೊಬೈಲಿನಲ್ಲಿ ಬರುವ ಸುಳ್ಳಿಗೆ.
ಎರಡು ದಿನದ ಕೂಲಿಗೆ ಇರಲಿಲ್ಲ.
ಸುತ್ತೋಲೆಯಲ್ಲೂ ಅದಕ್ಕೊಂದು ಕಲಂ ಇಲ್ಲ.

ಹುಡುಗಿಯ ಎಡತೋಳಿನ ಅಂಗಿ ಮಡಚಿ ನೋಡಿದೆ.
ಇದೆ, ಹುಟ್ಟಿದಾಗಿನದೊಂದು,
ತೊಗರಿಬೇಳೆಯಷ್ಟು ಕುಳಿ.
ಉಳಿದವು ಗುರುತು ಬಿಡುವುದಿಲ್ಲ.
ದಡಾರದ್ದು, ನಾಯಿಕೆಮ್ಮಿನದು,
ಬಸವಪ್ರಭುವಿಗೆ ಬೇಕಿದ್ದದ್ದು.
ಹಾಕಿಸಿಕೊಂಡ ಮೈ, ಹಾಕಿಸಿಕೊಳ್ಳದ ಮೈ
ನೋಡಲಿಕ್ಕೆ ಒಂದೇ.
ಬಿಸಿಯೂಟದ ಸಾಲಿನಲ್ಲಿ ಒತ್ತಿಕೊಂಡು ಕೂತು
ಒಬ್ಬರ ಉಸಿರು ಒಬ್ಬರು ಉಸಿರಾಡುತ್ತವೆ.

ಗೇಟಿನಿಂದಲೇ ಕಳಿಸಿದರೆ
ಈ ಹುಡುಗಿಗೆ ತಪ್ಪುವುದು ಅಕ್ಷರ, ಮೊಟ್ಟೆ, ಮಧ್ಯಾಹ್ನದ ಅನ್ನ.
ರೋಗವೇನೂ ತಪ್ಪುವುದಿಲ್ಲ,
ಭಟ್ಟಿಯ ಸಂದಿಯಲ್ಲಿ ಅವಳ ಜೊತೆಗೇ
ಆಡಿಕೊಂಡಿರುತ್ತದೆ.
ಒಳಗೆ ಬಿಟ್ಟರೆ
ಎರಡನೇ ಬೆಂಚು ನನ್ನನ್ನೇ ನೋಡುತ್ತದೆ.

ಪೆನ್ನು ಮುಚ್ಚಿಟ್ಟು ಪೆನ್ಸಿಲು ತೆಗೆದೆ.
ಒಂಬತ್ತನೆಯ ಕಲಮಿನಲ್ಲಿ ಬರೆದೆ:
ಗುರುವಾರ.

ಗುರುವಾರ ಆಶಾ ಜಬೀನಾ
ಐಸ್ ಡಬ್ಬಿ ಹೊತ್ತು ಶಾಲೆಗೇ ಬಂದಳು.
ಗುತ್ಯವ್ವ ಬೆಳಿಗ್ಗೆಯೇ ಹೆಬ್ಬೆಟ್ಟು ಒತ್ತಿ
ಭಟ್ಟಿಗೆ ಹೋಗಿದ್ದಳು.
ಹುಡುಗಿ ನನ್ನ ತೊಡೆಯ ಮೇಲೆ.
ಸೂಜಿ ಕಂಡಳು, ಚೀರಿದಳು, ನನ್ನ ಹೆಬ್ಬೆರಳು ಕಚ್ಚಿದಳು.
ಆಮೇಲೆ ಬಿಕ್ಕುತ್ತ ಬಿಕ್ಕುತ್ತ
ನನ್ನ ರವಿಕೆಯ ತೋಳಿನ ಕೆಳಗೆ
ಸಿಡುಬಿನ ಕಾಲದ ಎರಡು ಅಗಲ ಗುರುತು ಮುಟ್ಟಿದಳು.
“ಮಿಸ್, ಇಲ್ಲಿ ಮಂಡಕ್ಕಿ ಅಂಟೈತಿ.”
ಉಗುರಿನಿಂದ ಕೀಳಲು ನೋಡಿದಳು.

ರಾತ್ರಿ ಮೈ ಬಿಸಿಯಾಗುತ್ತದೆ.
ಗುತ್ಯವ್ವನ ಎರಡು ದಿನ ಎಲ್ಲಿಂದ ತರಲಿ?
ನಾಳೆ ಹುಡುಗಿಯನ್ನು ಆಫೀಸಿನ ಬೆಂಚಿನ ಮೇಲೆ
ಮಲಗಿಸಿಕೊಂಡರೆ ಆದೀತೆ?
ತಪಾಸಣೆಗೆ ಬಂದವರು
ಪೆನ್ಸಿಲಿನ ಗುರುವಾರ ಏನು ಅಂತ ಕೇಳಿದರೆ?

ಜಬೀನಾ ಜ್ವರದ ಔಷಧಿ ಕೊಟ್ಟಳು.
ಹೊಸ ಕಾರ್ಡಿನ ಒಂದು ಚೌಕಕ್ಕೆ ತಾರೀಕು ಹಾಕಿದಳು.
ಉಳಿದ ಚೌಕ ಖಾಲಿ.
“ಮುಂದಿನದು ನಾಲ್ಕು ವಾರಕ್ಕೆ ಮೇಡಂ,
ಇರ್ತೀರಲ್ಲ?”
ಜುಲೈ ಮೂವತ್ತೊಂದಕ್ಕೆ ನನ್ನ ನಿವೃತ್ತಿ.
ಇರ್ತೀನಿ ಅಂದೆ.

ಹೆಬ್ಬೆರಳಿನ ಮೇಲೆ ನಾಲ್ಕು ಹಾಲುಹಲ್ಲು,
ಸಂಜೆಯವರೆಗೂ ಮಾಸಲಿಲ್ಲ.